ಬೇಲಿಯಾಚೆಯ ಗುಡ್ಡ

ಸ್ನೇಹಲತಾ ಶೆಟ್ಟಿಗೆ ತನ್ನದು ಅಂತ ಹೇಳಿಕೊಳ್ಳಲು ಒಂದು ಕ್ಲಾಸ್‌ರೂಮು ಇರಲಿಲ್ಲ. ಇದ್ದದ್ದು ಒಂದು ತಳ್ಳುಗಾಡಿ. ಮೇಲಿನ ತಟ್ಟೆಯಲ್ಲಿ ಬ್ರಶ್ಶುಗಳು, ನಡುವಿನದರಲ್ಲಿ ಬಣ್ಣದ ಬಾಟಲಿಗಳು, ಕೆಳಗಡೆ ಕಾಗದದ ರಾಶಿ, ಪಕ್ಕದಲ್ಲಿ ತೂಗುವ ಒಂದು ಬಕೆಟ್ಟು. ಯೂನಿಯನ್ ಸಿಟಿಯ ಆ ಎಲಿಮೆಂಟರಿ ಶಾಲೆಯ ಉದ್ದನೆಯ ವರಾಂಡದಲ್ಲಿ ಗಾಡಿ ಗಡಗಡ ಸದ್ದು ಮಾಡಿದರೆ ಸಾಕು, ಕ್ಲಾಸುಗಳ ಒಳಗಿಂದ "ಮಿಸೆಸ್ ಸ್ಪಗೆಟಿ ಬಂದ್ರು!" ಎಂದು ಕೂಗು ಏಳುತ್ತಿತ್ತು. ಶೆಟ್ಟಿ ಎನ್ನುವುದು ಮೊದಲ ವಾರದಲ್ಲೇ ಮಕ್ಕಳ ಬಾಯಲ್ಲಿ ಸ್ಪಗೆಟಿ ಆಗಿಹೋಗಿತ್ತು. ಅವಳು ಅದನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಬರುತ್ತಿದ್ದೇನೆಂದು ಖುಷಿಪಡುತ್ತಾರಲ್ಲ, ಅಷ್ಟು ಸಾಕು ಅನ್ನಿಸಿತ್ತು.

ಉಡುಪಿ ಕಡೆಯವಳು. ಮೈಸೂರಿನಲ್ಲಿ ಚಿತ್ರಕಲೆ ಓದಿ, ಬೆಂಗಳೂರಿನ ಬಟ್ಟೆ ಕಂಪೆನಿಯೊಂದರಲ್ಲಿ ಸೀರೆ ಸೆರಗುಗಳಿಗೆ ಡಿಸೈನು ಬರೆಯುತ್ತಿದ್ದವಳು, ಜಯರಾಮನನ್ನು ಮದುವೆಯಾಗಿ ದೇಶ ಬಿಟ್ಟು ಇಲ್ಲಿಗೆ ಬಂದಳು. ಮಗಳು ಸಂಯುಕ್ತಾ ಚಿಕ್ಕವಳಿದ್ದಾಗ ಅವಳ ಕ್ಲಾಸಿಗೆ ವಾಲಂಟಿಯರಾಗಿ ಹೋಗಿ ಚಿತ್ರ ಬರೆಸುತ್ತಿದ್ದಳು. ಮಗಳು ಕಾಲೇಜು ಸೇರಿದ ವರ್ಷ ತಾನೂ ಕಾಲೇಜು ಸೇರಿದಳು. ನಲವತ್ತೈದು ದಾಟಿದ ಮೇಲೆ, ಮಗಳ ವಯಸ್ಸಿನವರ ಜೊತೆ ಬೆಂಚಿನಲ್ಲಿ ಕೂತು ಪರೀಕ್ಷೆ ಬರೆದು ಟೀಚರ್ ಆದಳು. ಕಲೆ ಕಲಿಸಲು ಶಾಲೆಗಳಿಗೆ ಹೊಸದಾಗಿ ಸರಕಾರದ ಹಣ ಸಿಕ್ಕ ಕಾಲ ಅದು. ಮೂರು ಶಾಲೆಗಳಿಗೆ ಸೇರಿ ಒಬ್ಬಳೇ ಟೀಚರು ಅವಳು. ಖಾಲಿ ಕೋಣೆ ಎಲ್ಲೂ ಇರಲಿಲ್ಲವಾದ್ದರಿಂದ ಗಾಡಿ ಸಿಕ್ಕಿತು.

ಅವಳ ಕ್ಲಾಸಿನಲ್ಲಿ ಒಂದೇ ಒಂದು ಕಟ್ಟುನಿಟ್ಟು: ರಬ್ಬರ್ ಇಲ್ಲ. ಪೆನ್ಸಿಲ್ಲಿನ ತುದಿಯಲ್ಲಿ ಅಂಟಿಕೊಂಡಿರುವ ಗುಲಾಬಿ ರಬ್ಬರನ್ನೂ ಕಿತ್ತುಹಾಕಿಯೇ ಅವಳು ಪೆನ್ಸಿಲ್ ಹಂಚುತ್ತಿದ್ದಳು. ರಬ್ಬರ್ ಕೈಗೆ ಬಂದ ಮಗು ಎದುರಿನ ವಸ್ತುವನ್ನು ನೋಡುವುದನ್ನು ಬಿಟ್ಟು ತನ್ನ ತಪ್ಪನ್ನೇ ನೋಡುತ್ತ ಕೂರುತ್ತದೆ, ಉಜ್ಜಿ ಉಜ್ಜಿ ಕಾಗದ ಹರಿಯುತ್ತದೆ. "ಗೆರೆ ತಪ್ಪಾಯ್ತಾ? ಇರಲಿ ಬಿಡು. ಮತ್ತೊಮ್ಮೆ ಸರಿಯಾಗಿ ನೋಡು, ಪಕ್ಕದಲ್ಲೇ ಇನ್ನೊಂದು ಗೆರೆ ಎಳಿ," ಎನ್ನುವುದು ಅವಳು ದಿನಕ್ಕೆ ಹತ್ತಾರು ಸಲ ಹೇಳುವ ಮಾತು.

ನಾಲ್ಕನೇ ಕ್ಲಾಸಿನಲ್ಲಿ ದೀಪ್ತಿ ಅಂತ ಒಬ್ಬ ಹುಡುಗಿಯಿದ್ದಳು. ಎರಡು ಜಡೆ, ಮೂಗಿನ ಮೇಲೆ ಜಾರುವ ಕನ್ನಡಕ. ಓದಿನಲ್ಲಿ ಎಲ್ಲರಿಗಿಂತ ಮುಂದು. ಆದರೆ ಚಿತ್ರದ ಕಾಗದ ಎದುರಿಗೆ ಬಂದರೆ ಕೈ ಕಟ್ಟಿಹಾಕಿದಂತೆ ಕೂರುತ್ತಿದ್ದಳು. ಒಂದು ಗೆರೆ ಎಳೆದು, "ಇದು ಸರೀನಾ?" ಇನ್ನೊಂದು ಎಳೆದು, "ಇದು?" ಸ್ನೇಹಲತಾ ಪ್ರತಿ ಸಲವೂ, "ನೀನು ನೋಡಿದ್ದು ಹಾಗೇ ಇದ್ಯಾ?" ಎಂದು ತಿರುಗಿ ಕೇಳುವಳು. ಆ ಹುಡುಗಿಗೆ ಅದು ಉತ್ತರವೇ ಅಲ್ಲ. ಕಾಗದವನ್ನು ಸದ್ದಿಲ್ಲದೆ ಮುದುರಿ ಡೆಸ್ಕಿನೊಳಗೆ ತುರುಕಿಬಿಡುತ್ತಿದ್ದಳು. ವಾರದ ಕೊನೆಗೆ ಕ್ಲಾಸ್ ಟೀಚರ್ ಮಿಸ್ ಡೆಲಾ ಕ್ರೂಜ್ ಆ ಡೆಸ್ಕು ಖಾಲಿ ಮಾಡಿಸಿದರೆ ಕಾಗದದ ಉಂಡೆಗಳೇ ಉಂಡೆಗಳು.

ಪೇರೆಂಟ್ ಮೀಟಿಂಗಿನ ದಿನ ಅವಳ ಅಪ್ಪ ವ್ಯಾಸರಾಜ ಬಂದ. ಬೆಂಗಳೂರಿನ ಬಸವನಗುಡಿಯವನು, ಎಂಜಿನಿಯರು, ಮಾತು ಮೆತ್ತಗೆ.

"ಮೇಡಂ, ಒಂದ್ ಮಾತು. ಇವ್ಳು ಮಂಗಳವಾರ ಬಂದ್ರೆ ಬೆಳಿಗ್ಗೆನೇ ಹೊಟ್ಟೆನೋವು ಅಂತಾಳೆ. ಆರ್ಟ್ ಕ್ಲಾಸು ಅವತ್ತೇ ಅಲ್ವಾ? ಒಂದು ರಬ್ಬರ್ ಕೊಟ್ಟುಬಿಟ್ರೆ ಏನಾಗುತ್ತೆ?"

"ಕೊಡ್ಬಹುದು. ಆಮೇಲೆ ಕ್ಲಾಸು ಪೂರ್ತಿ ಉಜ್ತಾ ಕೂತಿರ್ತಾಳೆ, ಅಷ್ಟೇ."

"ಅದಲ್ಲ, ಯಾವುದು ಸರಿ ಯಾವುದು ತಪ್ಪು ಅಂತ ಮೊದಲೇ ಹೇಳ್ಬಿಟ್ರೆ ಮಗೂಗೆ ಈಸಿ ಆಗುತ್ತೆ. ನಮ್ ಕಾಲದಲ್ಲಿ ಡ್ರಾಯಿಂಗ್ ಪೀರಿಯಡ್ಡು ಅಂದ್ರೆ ಮ್ಯಾಥ್ಸ್ ಮೇಷ್ಟ್ರು ಬಂದು ಪೋರ್ಷನ್ ಮುಗಿಸೋರು. ನನಗಂತೂ ಇದೆಲ್ಲ ಗೊತ್ತಿಲ್ಲಪ್ಪ."

ಸ್ನೇಹಲತಾಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಮಗಳ ಹೊಟ್ಟೆನೋವು ನೋಡಲಾಗದೆ ಬಂದಿದ್ದ ಅಪ್ಪ ಅವನು. "ಬೇಸಿಗೆ ರಜೆ ತನಕ ನನಗೆ ಬಿಡಿ. ಆಗಲೂ ಹೊಟ್ಟೆ ನೋಯ್ತಿದ್ರೆ ನಾನೇ ರಬ್ಬರ್ ತಂದು ಕೊಡ್ತೇನೆ," ಎಂದಳು. ಹೇಳಿಬಿಟ್ಟಳೇನೋ ನಿಜ, ಮನೆಗೆ ಕಾರು ಓಡಿಸುವಾಗ ದಾರಿಯುದ್ದಕ್ಕೂ ಅಳುಕಿತ್ತು.

ಫೆಬ್ರವರಿಯಲ್ಲಿ ಒಂದು ಸುದ್ದಿ ಬಂತು. ಈಸ್ಟ್ ಬೇ ಎನ್ನುವ ಆ ಸುತ್ತಿನ ಊರುಗಳ ಶಾಲೆಮಕ್ಕಳ ಚಿತ್ರಗಳನ್ನು ವಾಲ್ನಟ್ ಕ್ರೀಕ್ ಊರಿನ ಒಂದು ದೊಡ್ಡ ಹಾಲಿನಲ್ಲಿ ಏಪ್ರಿಲ್ ಮೊದಲ ಶನಿವಾರ ಪ್ರದರ್ಶನಕ್ಕೆ ಇಡುತ್ತಾರಂತೆ, ಒಂದೊಂದು ಶಾಲೆಯಿಂದ ಒಂದೊಂದು ಕ್ಲಾಸು ಕೂಡಿ ಬರೆದದ್ದು. ಸ್ನೇಹಲತಾ ನಾಲ್ಕನೇ ಕ್ಲಾಸನ್ನು ಆರಿಸಿದಳು. ಏನು ಬರೆಸುವುದೆಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಆಟದ ಮೈದಾನದ ಕೊನೆಗೆ ತಂತಿಬೇಲಿ, ಬೇಲಿಯ ಆಚೆ ಮನೆಗಳ ಇಳಿಜಾರು ಮಾಡು, ಅದರಾಚೆ ಗುಡ್ಡಗಳ ಸಾಲು. ಇಲ್ಲಿ ಚಳಿಗಾಲವೇ ಮಳೆಗಾಲವಾದ್ದರಿಂದ ಆಗ ಎಲ್ಲವೂ ಹಸಿರು. ಅಲ್ಲಲ್ಲಿ ಒಂದೊಂದು ಓಕ್ ಮರ, ಚುಕ್ಕೆಗಳ ಹಾಗೆ ಹಸುಗಳು.

ಬೇಲಿಯ ಉದ್ದಕ್ಕೂ, ಮಕ್ಕಳ ಎದೆಯ ಎತ್ತರಕ್ಕೆ, ದಪ್ಪ ಕಾಗದದ ಸುರುಳಿ ಬಿಚ್ಚಿ ಕ್ಲಿಪ್ಪು ಹಾಕಿದಳು. ಪ್ರತಿಯೊಬ್ಬರಿಗೂ ಒಂದೊಂದು ಜಾಗ. ಅಲ್ಲಿ ನಿಂತರೆ ಏನು ಕಾಣುತ್ತದೋ ಅದನ್ನೇ ಬರೆಯಬೇಕು. ಮೊದಲ ದಿನ ಪೆನ್ಸಿಲ್ಲನ್ನೇ ಕೊಡಲಿಲ್ಲ. "ಸುಮ್ನೆ ನೋಡಿ," ಎಂದಳು. ಮಾಟೆಯೊ ಎನ್ನುವ ತುಂಟ ಹುಡುಗ, "ನೋಡಿ ಆಯ್ತು, ಹಸಿರು ಗುಡ್ಡ," ಎಂದ. "ಎಷ್ಟು ಬಗೆ ಹಸಿರು?" ಎಂದು ಸ್ನೇಹಲತಾ ಕೇಳಿದಳು. ಅವನು ಮತ್ತೆ ಬೇಲಿಗೆ ಮೂಗು ಒತ್ತಿ ನಿಂತ. ಬೆಲ್ ಹೊಡೆಯುವ ಹೊತ್ತಿಗೆ ನಿಂಬೆ ಹಸಿರು, ಬಟಾಣಿ ಹಸಿರು, ನೆರಳಿನ ಹಸಿರು ಎಂದೆಲ್ಲ ಮಕ್ಕಳು ಜಗಳಕ್ಕೆ ಬಿದ್ದಿದ್ದರು. ಬಾಟಲಿಯ ಹಸಿರಿಗೆ ಒಂದು ಹನಿ ಕೆಂಪು ಬಿದ್ದರೆ ಅದು ಗುಡ್ಡದ ಹಸಿರಾಗುತ್ತದೆಂದು ಮುಂದಿನ ವಾರ ಕಂಡುಹಿಡಿದದ್ದು ಝಹ್ರಾ ಎಂಬ ಮೆಲುದನಿಯ ಹುಡುಗಿ. ಅವಳ ಪಾಲಿಗೆ ಹಸುಗಳು ಬಂದಿದ್ದವು. ದೀಪ್ತಿಯ ಪಾಲಿಗೆ ಒಂಟಿ ಓಕ್ ಮರ.

ಸುರುಳಿಯ ಕಾಗದವನ್ನು ಮುದುರಿ ಡೆಸ್ಕಿಗೆ ತುರುಕಲು ಆಗುವುದಿಲ್ಲವಲ್ಲ! ದೀಪ್ತಿ ಬೇರೆ ದಾರಿ ಕಾಣದೆ ಮರವನ್ನು ಬರೆದಳು. ಗೆರೆಯ ಪಕ್ಕ ಗೆರೆ, ಅದರ ಪಕ್ಕ ಇನ್ನೊಂದು. ಆ ಗೆರೆಗಳ ಗೋಜಲಿನಿಂದಲೇ ಮರಕ್ಕೆ ಒಂದು ಒರಟುತನ ಬಂತು. ಆದರೂ ಬಣ್ಣ ಹಚ್ಚುವ ತನಕ "ಇದು ಸರೀನಾ?" ನಿಂತಿರಲಿಲ್ಲ.

ಮಾರ್ಚ್ ಕೊನೆಗೆ ಚಿತ್ರ ಮುಗಿಯಿತು. ಒಣಗಲೆಂದು ಅದನ್ನು ಮಕ್ಕಳು ಊಟ ಮಾಡುವ ದೊಡ್ಡ ಹಾಲಿನ ಗೋಡೆಯ ಪಕ್ಕ ಮೇಜುಗಳ ಮೇಲೆ ಹರಡಿದ್ದರು. ಅದೇ ವಾರ ಸಮುದ್ರದ ಕಡೆಯಿಂದ ಬಿರುಗಾಳಿ ಮಳೆ ಬಂತು. ಮೂರು ದಿನ ಬಿಡದೆ ಹೊಯ್ಯಿತು. ಶುಕ್ರವಾರ ಸ್ನೇಹಲತಾ ಬೇರೆ ಶಾಲೆಯಲ್ಲಿದ್ದಳು. ಮಧ್ಯಾಹ್ನ ಮಿಸ್ ಡೆಲಾ ಕ್ರೂಜ್‌ಳ ಮೆಸೇಜು ಬಂತು: ಒಂದು ಫೋಟೋ, ಕೆಳಗೆ "ಸಾರಿ". ಹಾಲಿನ ಮಾಡು ಸೋರಿತ್ತು. ತುಕ್ಕಿನ ನೀರು ಚಿತ್ರದ ನಟ್ಟನಡುವೆ ಸುರಿದು, ಗುಡ್ಡದ ನೆತ್ತಿಯಿಂದ ಬುಡದ ತನಕ ಕಂದು ಪಟ್ಟೆ ಎಳೆದಿತ್ತು. ಮಕ್ಕಳ ಬಣ್ಣ ನೀರಿಗೆ ಕರಗುವಂಥದ್ದು. ಝಹ್ರಾಳ ಹಸುಗಳು ಕಲಸಿಹೋಗಿದ್ದವು, ದೀಪ್ತಿಯ ಮರದ ಅರ್ಧ ಬಣ್ಣ ಕರಗಿ ಕೆಳಗಿಳಿದಿತ್ತು.

ಸಂಜೆ ಮಳೆಯಲ್ಲೇ ಹೋಗಿ ಅದನ್ನು ಮನೆಗೆ ತಂದಳು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕಾಗದ ಒಣಗಿತು. ಜಯರಾಮ ಕಾರನ್ನು ಹೊರಗೆ ನಿಲ್ಲಿಸಿ, ಗರಾಜಿನಲ್ಲಿ ಟಾರ್ಪಾಲು ಹಾಸಿ, ಸುರುಳಿ ಬಿಚ್ಚಲು ಕೈಜೋಡಿಸಿದ.

"ಎಂಥದು ಮಾರಾಯ್ತಿ ಇದು, ಇಷ್ಟು ಹಾಳಾಗಿದೆ!" ಎಂದ. "ಪ್ರದರ್ಶನಕ್ಕೆ ಇನ್ನು ಒಂದು ವಾರ ಅಲ್ವಾ? ನೀನೇ ಕೂತು ಸರಿ ಮಾಡಿಬಿಡು. ಸೀರೆಗೆ ಬಣ್ಣ ಹೊಂದಿಸಿದವಳಿಗೆ ಇದು ಯಾವ ಲೆಕ್ಕ? ಯಾರಿಗೂ ಗೊತ್ತಾಗುವುದಿಲ್ಲ."

ಅವಳಿಗೂ ಅದೇ ಸರಿಯೆನ್ನಿಸಿತು. ಮಕ್ಕಳು ಸೋಮವಾರ ಬಂದು ಈ ಅವಸ್ಥೆ ನೋಡಿ ಕಣ್ಣೀರು ಹಾಕುವುದು ಬೇಡ. ಬಣ್ಣ ಕಲಸಿದಳು. ಹಸಿರಿಗೆ ಒಂದು ಹನಿ ಕೆಂಪು. ಬ್ರಶ್ಶು ಅದ್ದಿ, ಮಂಡಿಯೂರಿ ಕೂತು, ಮರದ ಹತ್ತಿರ ಬಗ್ಗಿದಳು. ಬಣ್ಣ ತೊಳೆದುಹೋದ ಕಡೆ ದೀಪ್ತಿಯ ಪೆನ್ಸಿಲ್ ಗೆರೆಗಳು ಹಾಗೇ ಉಳಿದಿದ್ದವು. ಒಂದಕ್ಕೊಂದು ಒತ್ತಿಕೊಂಡ ಗೆರೆಗಳು. ಕೆಲವು ಅನುಮಾನದಿಂದ ತೆಳ್ಳಗೆ, ಕೆಲವು ಹಟದಿಂದ ದಪ್ಪಗೆ. ಆ ಮರವನ್ನು ಸ್ನೇಹಲತಾ ಎರಡೇ ನಿಮಿಷದಲ್ಲಿ ಇದಕ್ಕಿಂತ ಅಂದವಾಗಿ ಬರೆಯಬಲ್ಲಳು. ಬರೆದರೆ ಆ ಹುಡುಗಿ ನೋಡಿದ ಕೂಡಲೇ ಗುರುತು ಹಿಡಿಯುತ್ತಾಳೆ. ತನ್ನದು ಸರಿಯಿರಲಿಲ್ಲ, ಅದಕ್ಕೇ ಟೀಚರು ಅಳಿಸಿ ಬೇರೆ ಬರೆದರು ಎಂದುಕೊಳ್ಳುತ್ತಾಳೆ. ಬ್ರಶ್ಶಿನ ತುದಿಯ ಬಣ್ಣ ಒಣಗುವ ತನಕ ಹಾಗೇ ಕೂತಿದ್ದಳು. ಆಮೇಲೆ ಎದ್ದು ಹೋಗಿ ಬ್ರಶ್ಶು ತೊಳೆದಳು.

"ಯಾಕೆ ನಿಲ್ಲಿಸಿದಿ?" ಎಂದ ಜಯರಾಮ.

"ನನ್ನ ಚಿತ್ರ ಅಲ್ವಲ್ಲ ಇದು. ಅವರೇ ನೋಡ್ಲಿ. ಅಳುವುದಾದರೆ ಅತ್ತುಕೊಳ್ಳಲಿ."

ಸೋಮವಾರ ಆಕಾಶ ತೊಳೆದಿಟ್ಟಂತೆ ತಿಳಿಯಾಗಿತ್ತು. ಮಿಸ್ ಡೆಲಾ ಕ್ರೂಜ್ ತನ್ನ ಇಡೀ ಮಧ್ಯಾಹ್ನವನ್ನು ಬಿಟ್ಟುಕೊಟ್ಟಳು. ಡೆಸ್ಕುಗಳನ್ನು ಬದಿಗೆ ಸರಿಸಿ ನೆಲದ ಮೇಲೆ ಚಿತ್ರ ಹಾಸಿದರು. ಮಕ್ಕಳು ಸುತ್ತ ನಿಂತರು. ಝಹ್ರಾಳ ಕಣ್ಣಿನಿಂದ ನೀರು ಇಳಿಯಿತು. ಮಾಟೆಯೊ ಶೂ ಕಾಲಿನಿಂದ ನೆಲ ಒದ್ದು, "ದರಿದ್ರ ಸೋರುವ ಮಾಡು!" ಎಂದ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ನಡುವಿನ ಭಾಗ ಕತ್ತರಿಸಿ ಎರಡು ಕಡೆಯನ್ನೂ ಅಂಟಿಸೋಣ ಎಂದು ಒಬ್ಬ, ಮೇಲೆ ಹೊಸ ಕಾಗದ ಹಚ್ಚೋಣ ಎಂದು ಇನ್ನೊಬ್ಬಳು. "ನೀವೇ ಸರಿ ಮಾಡಿ, ಮಿಸೆಸ್ ಸ್ಪಗೆಟಿ," ಎಂದು ಹಿಂದಿನಿಂದ ಯಾರೋ ಹೇಳಿದರು.

"ನಾನು ಮಾಡುವುದಿಲ್ಲ," ಎಂದಳು ಸ್ನೇಹಲತಾ. "ನೀವು ಹೇಳಿದ ಬಣ್ಣ, ಕಾಗದ ಎಲ್ಲ ಕೊಡ್ತೇನೆ. ಏನು ಮಾಡಬೇಕು ಅನ್ನೋದು ನಿಮ್ಮ ಕೆಲಸ." ಅಷ್ಟು ಹೇಳಿ ಕಿಟಕಿಯ ಪಕ್ಕಕ್ಕೆ ಹೋಗಿ ನಿಂತಳು. ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟದ ಕೆಲಸವೆಂದು ಅವಳಿಗೆ ಅವತ್ತೇ ಗೊತ್ತಾದದ್ದು. ನಾಲಿಗೆಯ ತುದಿಯಲ್ಲಿ ಮೂರು ಉಪಾಯಗಳಿದ್ದವು.

ದೀಪ್ತಿ ಮಾತ್ರ ಚಿತ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಕಂದು ಪಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. ಎದ್ದು ಕಿಟಕಿಗೆ ಬಂದಳು. ಸ್ನೇಹಲತಾಳ ಪಕ್ಕದಲ್ಲೇ ನಿಂತು, ಕನ್ನಡಕ ಮೇಲೆ ಸರಿಸಿ, ಗುಡ್ಡದ ಕಡೆ ನೋಡಿದಳು. ಮತ್ತೆ ಚಿತ್ರದ ಹತ್ತಿರ ಓಡಿದಳು. ಮತ್ತೆ ಕಿಟಕಿಗೆ ಬಂದಳು.

"ಗುಡ್ಡ ಬೇರೆಯಾಗಿದೆ," ಎಂದಳು ಇಂಗ್ಲಿಷಿನಲ್ಲಿ.

ಯಾರೂ ಕಿವಿಗೊಡಲಿಲ್ಲ. ಆಗ ಆ ಹುಡುಗಿ, ಒಂದು ದಿನವೂ ದನಿ ಎತ್ತದವಳು, ಜೋರಾಗಿ ಕೂಗಿದಳು: "ಎಲ್ಲರೂ ಬನ್ನಿ ಇಲ್ಲಿ! ಗುಡ್ಡ ನೋಡಿ!"

ಎಲ್ಲರೂ ಕಿಟಕಿಗೆ ಮುಗಿಬಿದ್ದರು. ಸ್ನೇಹಲತಾಳೂ ತಿರುಗಿ ನೋಡಿದಳು. ಮಳೆ ಮೋಡ ಕವಿದಿದ್ದ ಮೂರು ದಿನ ಗುಡ್ಡ ಕಂಡಿರಲಿಲ್ಲ. ಈ ಬೆಳಿಗ್ಗೆ ತಾನು ಬಂದದ್ದು ಇದೇ ದಾರಿಯಲ್ಲಿ, ಆದರೆ ತಲೆಯಲ್ಲೆಲ್ಲ ಹಾಳಾದ ಚಿತ್ರವೇ ತುಂಬಿತ್ತು. ಈಗ ನೋಡಿದರೆ ಹಸಿರು ಗುಡ್ಡದ ಹೊಟ್ಟೆಯಲ್ಲಿ ಮಣ್ಣು ಕುಸಿದು ಉದ್ದಕ್ಕೆ ಕಂದು ಗಾಯ. ಚಿತ್ರದಲ್ಲಿ ಪಟ್ಟೆಯಿದ್ದ ಜಾಗದಲ್ಲೇ ಅಲ್ಲ, ಸ್ವಲ್ಪ ಬಲಕ್ಕೆ. ಓಕ್ ಮರ ಮಾತ್ರ ಕುಸಿತದ ಅಂಚಿನಲ್ಲೇ ನಿಂತಿತ್ತು.

"ಅದೇ ಮಳೆ," ಎಂದಳು ದೀಪ್ತಿ. ಮಾತು ಒಂದರ ಮೇಲೊಂದು ಉರುಳುತ್ತಿತ್ತು. "ಅದೇ ಮಳೆ ಅಲ್ಲೂ ಬಿತ್ತು, ಇಲ್ಲೂ ಬಿತ್ತು. ನಮ್ಮ ಚಿತ್ರ ಹಾಳಾಗಿಲ್ಲ, ಹಳೇದಾಗಿದೆ ಅಷ್ಟೇ. ಮತ್ತೆ ಹೋಗಿ ನೋಡ್ಬೇಕು."

"ನನ್ನ ಹಸುಗಳು?" ಎಂದು ಝಹ್ರಾ ಮೂಗು ಒರೆಸಿಕೊಂಡಳು.

ಮಾಟೆಯೊ ಗಾಜಿಗೆ ಹಣೆ ಒತ್ತಿ ಹುಡುಕಿದ. "ಅಲ್ಲಿ! ಎಲ್ಲಾ ಮೇಲಕ್ಕೆ ಹತ್ತಿಕೊಂಡಿವೆ. ಕುಸಿದ ಕಡೆ ಒಂದೂ ಇಲ್ಲ."

ಝಹ್ರಾ ಕ್ಷಣಹೊತ್ತು ಯೋಚಿಸಿದಳು. "ಹಾಗಾದ್ರೆ ನಾನೂ ಮೇಲಕ್ಕೆ ಹತ್ತಿಸ್ತೀನಿ," ಎಂದಳು.

ಸುರುಳಿಯನ್ನು ಹೊತ್ತುಕೊಂಡು ಮಕ್ಕಳು ಮೈದಾನಕ್ಕೆ ಮೆರವಣಿಗೆ ಹೊರಟರು. ಸ್ನೇಹಲತಾ ಗಾಡಿ ತಳ್ಳಿಕೊಂಡು ಹಿಂದೆ ಹೋದಳು. ಮಣ್ಣಿನ ಬಣ್ಣ ಬೇಕೆಂದು ಒಬ್ಬ ಕಂದು ಬಾಟಲಿ ಕೇಳಿದ. "ಬೇಡ, ಅದು ಚಾಕ್ಲೇಟ್ ಥರ ಕಾಣುತ್ತೆ," ಎಂದು ಇನ್ನೊಬ್ಬಳು ಕಿತ್ತಳೆಗೆ ನೀಲಿ ಬೆರೆಸಿ ಬೆರೆಸಿ, ಕೊನೆಗೆ ಬೇಲಿಯ ಕೆಳಗಿನ ಒದ್ದೆ ಮಣ್ಣನ್ನೇ ಬೆರಳಲ್ಲಿ ತೆಗೆದು ಪಕ್ಕದಲ್ಲಿಟ್ಟು ಹೋಲಿಸಿದಳು. ಅದನ್ನು ಸ್ನೇಹಲತಾ ಕಲಿಸಿರಲಿಲ್ಲ.

ದೀಪ್ತಿ ಕುಸಿತದ ಅಂಚನ್ನು ಬರೆಯತೊಡಗಿದಳು. ಗೆರೆ ತೀರಾ ಕಡಿದಾಗಿ ಇಳಿಯುತ್ತಿತ್ತು. ಗುಡ್ಡ ಅಷ್ಟು ಕಡಿದಾಗಿಲ್ಲವಲ್ಲ, ಹೇಳಿಬಿಡಲೇ ಎಂದು ಸ್ನೇಹಲತಾ ಒಂದು ಹೆಜ್ಜೆ ಮುಂದಿಟ್ಟಳು. ಅಲ್ಲಿಗೇ ತಡೆದುಕೊಂಡಳು. ಹುಡುಗಿಯ ಹಿಂದೆ ಹೋಗಿ, ಸೊಂಟ ಬಗ್ಗಿಸಿ, ಅವಳ ತಲೆಯ ಎತ್ತರಕ್ಕೆ ತನ್ನ ಕಣ್ಣು ತಂದು ನೋಡಿದಳು. ಆ ಎತ್ತರದಿಂದ ಮುಂದಿನ ಮನೆಯ ಮಾಡು ಗುಡ್ಡದ ಬುಡವನ್ನು ಮರೆಮಾಡುತ್ತಿತ್ತು. ಉಳಿದ ಭಾಗ ಗೋಡೆಯ ಹಾಗೆ ನೆಟ್ಟಗೆ ಎದ್ದು ಕಾಣುತ್ತಿತ್ತು. ಹುಡುಗಿ ಬರೆದದ್ದು ಕಂಡದ್ದನ್ನೇ. ಸದ್ದಿಲ್ಲದೆ ಹಿಂದೆ ಸರಿದು, ಹೋಗಿ ಬಕೆಟ್ಟಿನ ನೀರು ಬದಲಾಯಿಸಿ ತಂದಳು.

ಅವತ್ತು ಮನೆಗೆ ಹೋಗುವ ಬೆಲ್ ಹೊಡೆದಾಗ ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ಬೇಲಿಯ ಬಳಿ ಕಾಯಬೇಕಾಯಿತು. ಯಾವ ಮಗುವೂ ಬ್ರಶ್ಶು ಕೆಳಗಿಡಲು ತಯಾರಿರಲಿಲ್ಲ.

ಶನಿವಾರ ಅರ್ಧಕ್ಕರ್ಧ ಕ್ಲಾಸು ಟ್ರೇನಿನಲ್ಲೇ ವಾಲ್ನಟ್ ಕ್ರೀಕಿಗೆ ಬಂತು, ಅಜ್ಜಿ ತಾತಂದಿರನ್ನೂ ತಮ್ಮ ತಂಗಿಯರನ್ನೂ ಕಟ್ಟಿಕೊಂಡು. ದಾರಿಯಲ್ಲಿ ಟ್ರೇನು ಬದಲಿಸುವಾಗ ಮಾಟೆಯೊನ ಅಜ್ಜಿ ತಪ್ಪಿಸಿಕೊಂಡು, ಮತ್ತೆ ಸಿಕ್ಕಿ, ಅದೊಂದು ದೊಡ್ಡ ಗದ್ದಲವೇ ಆಯಿತು. ಹಾಲಿನಲ್ಲಿ ಬೇರೆ ಶಾಲೆಗಳ ಚಿತ್ರಗಳೂ ಚೆನ್ನಾಗಿದ್ದವು. ಅಂಚು ಕತ್ತರಿಸಿ, ಚೌಕಟ್ಟು ಹಾಕಿ ಇಟ್ಟಿದ್ದರು. ಇವರದಕ್ಕೆ ಚೌಕಟ್ಟು ಹಾಕುವುದು ಸಾಧ್ಯವೇ ಇರಲಿಲ್ಲ. ಒದ್ದೆಯಾಗಿ ಒಣಗಿದ ಕಾಗದ ಅಲ್ಲಲ್ಲಿ ಉಬ್ಬಿತ್ತು. ಗೋಡೆಯ ಉದ್ದಕ್ಕೂ ಹಬ್ಬಿದ ಆ ಹಸಿರಿನ ನಡುವೆ ಎರಡು ಕಂದು ಇಳಿಜಾರುಗಳು: ಒಂದು ಮಾಡಿನ ನೀರು ಬರೆದದ್ದು, ಪಕ್ಕದ್ದು ಮಕ್ಕಳು ಬರೆದದ್ದು. ನೆತ್ತಿಯಲ್ಲಿ ಗುಂಪುಗೂಡಿದ ಹಸುಗಳು ಕೆಳಗೆ ನೋಡುತ್ತಿದ್ದವು. ಅಂಚಿನಲ್ಲಿ ಆ ಮರ.

ವ್ಯಾಸರಾಜ ಅದರ ಎದುರು ಬಹಳ ಹೊತ್ತು ನಿಂತ. ಸ್ನೇಹಲತಾಳನ್ನು ಕಂಡು ಹತ್ತಿರ ಬಂದ.

"ಮೇಡಂ, ನಾನು ದಿನಾ ಈ ಗುಡ್ಡದ ಪಕ್ಕದಲ್ಲೇ ಆಫೀಸಿಗೆ ಡ್ರೈವ್ ಮಾಡ್ತೀನಿ. ಕುಸಿದಿರೋದು ನನ್ ಕಣ್ಣಿಗೆ ಬಿದ್ದೇ ಇರ್ಲಿಲ್ಲ. ಸೋಮವಾರ ಮನೆಗೆ ಬಂದವಳೇ ನನ್ನ ಕೈ ಹಿಡ್ಕೊಂಡು ಬಾಲ್ಕನಿಗೆ ಎಳ್ಕೊಂಡು ಹೋದ್ಳು. 'ಅಪ್ಪಾ, ನೋಡು' ಅಂದ್ಳು. ಕನ್ನಡದಲ್ಲಿ! ಮನೇಲಿ ನಾವು ಏನ್ ಕೇಳಿದ್ರೂ ಇಂಗ್ಲಿಷಲ್ಲೇ ಉತ್ತರ ಕೊಡೋಳು." ಅವನು ನಕ್ಕ. "ನೀವು ಅದೇನು ಹೇಳಿಕೊಟ್ರಿ ಅವ್ಳಿಗೆ?"

"ಅವತ್ತು ನಾನು ಏನೂ ಹೇಳ್ಕೊಡಲಿಲ್ಲ ಮಾರಾಯ್ರೆ. ಕಿಟಕಿ ಹತ್ರ ಸುಮ್ನೆ ನಿಂತಿದ್ದೆ," ಎಂದಳು ಸ್ನೇಹಲತಾ. ಸುಳ್ಳು ವಿನಯವಲ್ಲ, ನಡೆದದ್ದೇ ಹಾಗೆ. ಹಾಗೆ ಹೇಳುವಾಗ ಎದೆ ಉಬ್ಬಿದ್ದೂ ನಿಜ. ಸೆರಗಿಗೆ ಬರೆದ ಯಾವ ಡಿಸೈನೂ ಅವಳಿಗೆ ಇಂಥ ಹೆಮ್ಮೆ ಕೊಟ್ಟಿರಲಿಲ್ಲ.

ಅಷ್ಟರಲ್ಲಿ ಜಯರಾಮ ಪಾರ್ಕಿಂಗ್ ಹುಡುಕಿ ಸುಸ್ತಾಗಿ ಒಳಗೆ ಬಂದ. ಚಿತ್ರದ ಮುಂದೆ ಸಣ್ಣ ಗುಂಪು ಸೇರಿತ್ತು. ಗುಂಪಿನ ನಡುವೆ ದೀಪ್ತಿ. ಬಿಳಿ ಕೂದಲಿನ ಹೆಂಗಸೊಬ್ಬಳು ಏನೋ ಕೇಳುತ್ತಿದ್ದಳು, ಹುಡುಗಿ ಎರಡೂ ಕೈ ಆಡಿಸುತ್ತ ಉತ್ತರ ಕೊಡುತ್ತಿದ್ದಳು. ಮಾಟೆಯೊ ನಡುನಡುವೆ ಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದ.

"ನಿಮ್ಮ ಟೀಚರ್ ಎಲ್ಲಿ?" ಎಂದು ಆ ಹೆಂಗಸು ಕೇಳಿದ್ದು ಇವರಿಗೂ ಕೇಳಿಸಿತು.

"ಇಲ್ಲೇ ಎಲ್ಲೋ ಇದ್ದಾರೆ," ಎಂದು ದೀಪ್ತಿ ತಿರುಗಿಯೂ ನೋಡದೆ ಕೈ ಬೀಸಿದಳು. "ಈಗ ಇಲ್ಲಿ ನೋಡಿ, ಈ ನೆರಳು ಯಾಕೆ ನೇರಳೆ ಬಣ್ಣ ಅಂದ್ರೆ..."

"ಹೋಗು, ಹೋಗಿ ಮಾತಾಡು. ನಿನ್ನನ್ನೇ ಕೇಳ್ತಿದ್ದಾರೆ," ಎಂದು ಜಯರಾಮ ಹೆಂಡತಿಯ ಭುಜ ಮುಟ್ಟಿದ.

"ಶ್! ಸುಮ್ನಿರಿ," ಎಂದಳು ಸ್ನೇಹಲತಾ. "ನೆರಳು ಯಾಕೆ ನೇರಳೆ ಅಂತ ನನಗೂ ಕೇಳ್ಬೇಕು."